ಹಂಡೆಯೊಳಗೆ ಇಣುಕಿ ನೋಡಿದ ಕಥೆ

ನಮ್ಮ ಕಡೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ತರಿಸುತ್ತಿದ್ದರು. ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ, ಬೇಕಾದಾಗ ಇದ್ದವರ ಮನೆಯಿಂದ ಕೇಳಿ ತರಬೇಕು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಕಾಣದ ತಳದಲ್ಲಿ ತಡಕಾಡುವುದು, ಏನಾದರೂ ಸಿಕ್ಕಿಕೊಂಡಂತಾದರೆ ಮೆಲ್ಲಗೆ ಎಳೆಯುವುದು. ಅನುಭವಸ್ಥರಾದ ಹಿರಿಯರು ಮಾತ್ರ ಹೀಗೆ ಆತುರಪಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಕನ್ನಡಿ ಹಿಡಿದು, ಬೆಳಕನ್ನು ಬಾವಿಯೊಳಕ್ಕೆ ತಿರುಗಿಸಿ, ಕೊಡ ಎಲ್ಲಿದೆ, ನೆಟ್ಟಗಿದೆಯೋ ಮಗುಚಿದೆಯೋ ಎಂದು ನೋಡಿಕೊಂಡ ಮೇಲೆಯೇ ಹಗ್ಗಕ್ಕೆ ಕೈ ಹಾಕುತ್ತಿದ್ದರು. ನೀರು ಕದಡಿದ್ದರೆ ತಿಳಿಯಾಗುವವರೆಗೆ ಕಾಯುತ್ತಿದ್ದರು. ಮೊದಲು ನೋಡುವುದು, ಆಮೇಲೆ ಎತ್ತುವುದು. ಮನುಷ್ಯ ಕಟ್ಟಿದ ಅತ್ಯಂತ ಭಯಂಕರವಾದ ಬಾವಿಯೊಂದರಲ್ಲಿ ಈ ಎರಡು ಕೆಲಸಗಳೂ ಹೇಗೆ ನಡೆದುವೆಂಬುದನ್ನು ಹೇಳಬೇಕೆಂದು ಹೊರಟಿದ್ದೇನೆ.

ಪರಮಾಣು ವಿದ್ಯುತ್ ಸ್ಥಾವರದ ಹೃದಯಭಾಗದಲ್ಲಿ ಒಂದು ಉಕ್ಕಿನ ಹಂಡೆ ಇರುತ್ತದೆ. ನಮ್ಮ ಬಚ್ಚಲುಮನೆಯ ಹಂಡೆಗೂ ಇದಕ್ಕೂ ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಎರಡೂ ನೀರು ಕಾಯಿಸತಕ್ಕವೇ. ಆದರೆ ಇದರ ಎತ್ತರ ಹನ್ನೆರಡು ಮೀಟರಿನ ಆಸುಪಾಸು, ಗೋಡೆಯ ದಪ್ಪ 20 ಸೆಂಟಿಮೀಟರಿಗೂ ಮೇಲು, ಉರಿ ಹೊರಗಡೆಯಲ್ಲ, ಒಳಗೇ. ಯುರೇನಿಯಮ್ ತುಂಬಿದ ಸಾವಿರಾರು ಸಣ್ಣ ಸರಳುಗಳು ಕಟ್ಟುಕಟ್ಟಾಗಿ ನೀರಿನಲ್ಲಿ ಮುಳುಗಿ ನಿಂತಿರುತ್ತವೆ. ಇದನ್ನು ರಿಯಾಕ್ಟರಿನ ಗರ್ಭವೆನ್ನೋಣ. ಉರಿ ಆರಿಸಿದ ಮೇಲೂ ಈ ಸರಳುಗಳಿಂದ ಹೊರಡುವ ವಿಕಿರಣ ಹತ್ತಿರ ಹೋದವನನ್ನು ಉಳಿಸುವುದಿಲ್ಲ. ಆದರೆ ಮೇಲೆ ಕೆಲವು ಮೀಟರು ನೀರು ನಿಂತಿದ್ದರೆ ಸಾಕು, ಅದೇ ಗೋಡೆಯಂತೆ ವಿಕಿರಣವನ್ನು ಹೀರಿಕೊಳ್ಳುತ್ತದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಬಹುದು. ಗೋಡೆಯೂ ಹೌದು, ಕಿಟಕಿಯೂ ಹೌದು, ಇಂಥ ವಸ್ತು ನೀರಲ್ಲದೆ ಬೇರೆ ಯಾವುದಿದೆ? ಹಂಡೆಯನ್ನು ಪರೀಕ್ಷಿಸುವ ಯಂತ್ರಗಳೆಲ್ಲ ಈಜುಗಾರರಾದದ್ದು ಈ ಕಾರಣದಿಂದ.

ಮೊದಮೊದಲು ಯಂತ್ರಗಳಿರಲಿಲ್ಲ, ಮನುಷ್ಯರೇ ಹೋದರು. 1952ರ ಡಿಸೆಂಬರ್ 12ರಂದು ಕೆನಡಾದ ಚಾಕ್ ರಿವರ್‌ನಲ್ಲಿ ಎನ್.ಆರ್.ಎಕ್ಸ್. ಎಂಬ ಸಂಶೋಧನಾ ರಿಯಾಕ್ಟರು ಹತೋಟಿ ತಪ್ಪಿತು. ಇಂಧನ ಭಾಗಶಃ ಕರಗಿತು. ವಿಕಿರಣ ಬೆರೆತ ಸುಮಾರು 4500 ಟನ್ ನೀರು ನೆಲಮಾಳಿಗೆಯಲ್ಲಿ ತುಂಬಿಕೊಂಡಿತು. ನಮ್ಮ ಟ್ರಾಂಬೆಯ ಸೈರಸ್ ರಿಯಾಕ್ಟರು ಇದರ ಮಾದರಿಯಲ್ಲೇ ಮುಂದೆ ಕಟ್ಟಿದ್ದು. ಬಿಚ್ಚಿ ಶುದ್ಧಿಮಾಡುವುದಕ್ಕೆ ಅಮೆರಿಕದ ನೌಕಾಪಡೆಯಿಂದಲೂ ಒಂದು ತಂಡ ಹೋಯಿತು. ಆ ತಂಡದ ನಾಯಕ ಇಪ್ಪತ್ತೆಂಟು ವರ್ಷದ ಅಧಿಕಾರಿ, ಹೆಸರು ಜಿಮ್ಮಿ ಕಾರ್ಟರ್. ಹತ್ತಿರದ ಟೆನಿಸ್ ಅಂಗಳದಲ್ಲಿ ರಿಯಾಕ್ಟರಿನ ಪ್ರತಿಕೃತಿಯೊಂದನ್ನು ನಿಲ್ಲಿಸಿ, ಯಾವ ತಿರುಪನ್ನು ಯಾವ ಕೈಯಿಂದ ಬಿಚ್ಚಬೇಕೆಂದು ಅಭ್ಯಾಸ ಮಾಡಿದರಂತೆ. ಆಮೇಲೆ ಒಳಗೆ ಓಡಿ ಒಬ್ಬೊಬ್ಬರಿಗೆ ಸುಮಾರು 90 ಸೆಕೆಂಡಿನ ಕೆಲಸ. ಅಷ್ಟರಲ್ಲೇ ಒಂದು ವರ್ಷಕ್ಕೆ ಮನುಷ್ಯನಿಗೆ ಅನುಮತಿಯಿದ್ದ ವಿಕಿರಣವೆಲ್ಲ ಮೈಗೆ ಸೇರುತ್ತಿತ್ತು. ಒಂದು ತಿರುಪು, ಒಂದು ವರ್ಷದ ಪಾಲು! ತಮ್ಮ ಮೂತ್ರದಲ್ಲಿ ತಿಂಗಳುಗಟ್ಟಲೆ ವಿಕಿರಣ ಕಾಣುತ್ತಿತ್ತೆಂದು ಕಾರ್ಟರ್ ಬಹಳ ಕಾಲದ ಮೇಲೆ ಹೇಳಿಕೊಂಡರು. ಅವರು ನೂರು ವರ್ಷ ಬದುಕಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರೆಂಬುದನ್ನೂ ಹೇಳಬೇಕು, ಇಲ್ಲವಾದರೆ ವಾಚಕರು ಅನ್ಯಥಾ ಭಾವಿಸಿಯಾರು.

ಇದೇ ಕಾರ್ಟರ್ ಅಮೆರಿಕದ ಅಧ್ಯಕ್ಷರಾಗಿದ್ದಾಗ ಎರಡನೆಯ ಸಂಕಟ ಬಂದಿತು. ಪೆನ್ಸಿಲ್ವೇನಿಯ ರಾಜ್ಯದಲ್ಲಿ ಸಸ್ಕ್ವೆಹಾನ ನದಿಯ ನಡುವೆ ತ್ರೀ ಮೈಲ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿಯ ಎರಡನೆಯ ರಿಯಾಕ್ಟರು ವಾಣಿಜ್ಯ ಉತ್ಪಾದನೆ ಆರಂಭಿಸಿ ಮೂರು ತಿಂಗಳೂ ತುಂಬಿರಲಿಲ್ಲ. 1979ರ ಮಾರ್ಚ್ 28ರ ಬೆಳಗಿನ ನಾಲ್ಕು ಗಂಟೆಗೆ ನೀರು ಒದಗಿಸುವ ಪಂಪುಗಳು ನಿಂತುವು. ಒತ್ತಡ ಇಳಿಸಲೆಂದು ಒಂದು ಕವಾಟ ತಾನಾಗಿ ತೆರೆದುಕೊಂಡಿತು; ಮತ್ತೆ ಮುಚ್ಚಿಕೊಳ್ಳಬೇಕಾದದ್ದು ಮುಚ್ಚಿಕೊಳ್ಳಲಿಲ್ಲ. ಕವಾಟಕ್ಕೆ ಮುಚ್ಚೆಂಬ ಆಜ್ಞೆ ಹೋಗಿದೆಯೆಂಬುದನ್ನು ಮಾತ್ರ ಫಲಕದ ದೀಪ ತೋರಿಸುತ್ತಿತ್ತು, ಅದು ಮುಚ್ಚಿದೆಯೇ ಎಂಬುದನ್ನಲ್ಲ. ಕೆಲಸದವರು ದೀಪವನ್ನು ನಂಬಿದರು. ಹಂಡೆಯಲ್ಲಿ ನೀರು ಹೆಚ್ಚಾಗಿದೆಯೆಂದು ತಿಳಿದು ತುರ್ತು ನೀರನ್ನೂ ಕಡಿಮೆ ಮಾಡಿದರು. ಇತ್ತ ಹಂಡೆಯ ನೀರು ತೆರೆದ ಕವಾಟದಿಂದ ಎರಡು ಗಂಟೆಗೂ ಮಿಕ್ಕಿ ಸುರಿದುಹೋಗುತ್ತಲೇ ಇತ್ತು. ಗರ್ಭದ ಮೇಲ್ಭಾಗ ನೀರಿಲ್ಲದೆ ಬತ್ತಲಾಯಿತು. ಏಪ್ರಿಲ್ 1ರಂದು ಕಾರ್ಟರ್ ಹಳದಿ ರಕ್ಷಾಪಾದುಕೆ ತೊಟ್ಟು ಸ್ಥಾವರದ ನಿಯಂತ್ರಣ ಕೊಠಡಿಯೊಳಕ್ಕೆ ನಡೆದುಹೋದರು. ಅಲ್ಲಿ ನಿಂತವರಲ್ಲಿ, ಕೆಟ್ಟ ರಿಯಾಕ್ಟರನ್ನು ಮುಟ್ಟಿ ಬಂದವರು ಬಹುಶಃ ಅವರೊಬ್ಬರೇ.

ಹಂಡೆಯೊಳಗೆ ಏನಾಗಿದೆ? ಇದೇ ಪ್ರಶ್ನೆ. ಯಾರೂ ಕಂಡಿರಲಿಲ್ಲ, ಅಭಿಪ್ರಾಯ ಮಾತ್ರ ಎಲ್ಲರಲ್ಲೂ ಇತ್ತು. ಸರಳುಗಳ ಹೊರಕವಚ ಒಡೆದಿರಬೇಕು, ಇಂಧನ ಕರಗಿರಲಾರದು, ಕರಗಿದ್ದರೂ ಅಲ್ಪಸ್ವಲ್ಪ, ಎಂಬುದೇ ತಜ್ಞರಲ್ಲಿ ಪ್ರಬಲವಾಗಿದ್ದ ನಂಬಿಕೆ. ಯುರೇನಿಯಮ್ ಆಕ್ಸೈಡು ಕರಗಬೇಕಾದರೆ 2800 ಡಿಗ್ರಿಯಷ್ಟು ಶಾಖ ಬೇಕು. ಅಲ್ಲಿಯತನಕ ಹೋಗಿರಲಾರದೆಂದು ಅವರ ಲೆಕ್ಕ. ಆ ಲೆಕ್ಕಕ್ಕಾಗಿ ನಾನು ಅವರನ್ನು ಹಳಿಯುವುದಿಲ್ಲ. ಆದರೆ ತಮಗೆ ಹಿತವಾದ ಉತ್ತರವನ್ನೇ ಲೆಕ್ಕವೂ ಕೊಟ್ಟಾಗ ಮನುಷ್ಯರು ಅದನ್ನು ಇನ್ನೊಮ್ಮೆ ಮಾಡಿ ನೋಡುವುದಿಲ್ಲವೆಂಬುದು ನನ್ನ ಅನುಭವ. ಜಮಾಖರ್ಚು ಬರೆಯುವ ಗುಮಾಸ್ತನಿಂದ ಹಿಡಿದು ಇಂಜಿನಿಯರರವರೆಗೆ ಎಲ್ಲರೂ ಹೀಗೆಯೇ. ಹಂಡೆಯನ್ನು ಒಳಗೊಂಡ ಕಾಂಕ್ರೀಟು ಕಟ್ಟಡದೊಳಕ್ಕೆ ಮನುಷ್ಯರು ಮೊದಲ ಸಲ ಕಾಲಿಟ್ಟದ್ದೇ 1980ರ ಜುಲೈನಲ್ಲಿ. ಹಂಡೆಯ ಮುಚ್ಚಳ ಆಗಲೂ ಮುಚ್ಚಿಯೇ ಇತ್ತು.

ಮುಚ್ಚಳ ತೆಗೆಯದೆ ಒಳಗೆ ನೋಡುವ ಉಪಾಯವೊಂದನ್ನು ಕೊನೆಗೆ ಕಂಡುಹಿಡಿದರು. ರಿಯಾಕ್ಟರಿನ ಉರಿಯನ್ನು ಹತೋಟಿಯಲ್ಲಿಡುವ ಸರಳುಗಳು ಮುಚ್ಚಳದ ಮೂಲಕ ಒಳಗೆ ಇಳಿಯುತ್ತವೆ. ಅಂಥದೊಂದರ ಉದ್ದನೆಯ ತಿರುಪನ್ನು ಎಳೆದು ತೆಗೆದರೆ ಸಣ್ಣದೊಂದು ತೂತು ಉಳಿಯುತ್ತದೆ. 1982ರ ಜುಲೈ 21ರಂದು ಆ ತೂತಿನಲ್ಲಿ, ಸುಮಾರು ಹೆಬ್ಬೆರಳ ಗಾತ್ರದ ಟೆಲಿವಿಷನ್ ಕ್ಯಾಮರಾ ಒಂದನ್ನು ತಂತಿಯಲ್ಲಿ ಇಳಿಬಿಟ್ಟರು. ಇಂದು ನಾವು ರೋಬಾಟ್ ಎನ್ನುವುದಕ್ಕೆ ಅದನ್ನು ಹೋಲಿಸುವಂತಿಲ್ಲ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಈಜಲು ರೆಕ್ಕೆಯಿಲ್ಲ. ಇಳಿಸಿದರೆ ಇಳಿಯುತ್ತದೆ, ಎತ್ತಿದರೆ ಏರುತ್ತದೆ, ಅಷ್ಟೆ. ಆದರೂ ವಂಶವೃಕ್ಷ ಬರೆದರೆ ಇದನ್ನೇ ಮೂಲಪುರುಷನೆನ್ನಬೇಕು. ಕ್ಯಾಮರಾ ಮಸುಕು ನೀರಿನಲ್ಲಿ ಇಳಿಯಿತು. ಇಂಧನದ ಕಟ್ಟುಗಳ ತಲೆಗಳು ಕಾಣಬೇಕಾಗಿದ್ದ ಮಟ್ಟ ಬಂದಿತು. ಏನೂ ಕಾಣಲಿಲ್ಲ. ಇನ್ನೂ ಇಳಿಸಿದರು. ಒಂದಡಿ, ಎರಡಡಿ, ಮೂರಡಿ. ಹನ್ನೆರಡು ಅಡಿ ಎತ್ತರದ ಇಂಧನ ನಿಂತಿರಬೇಕಾದ ಸ್ಥಳದಲ್ಲಿ ಐದಡಿ ಬರಿಯ ನೀರು! ಅದರ ಕೆಳಗೆ, ಮನೆ ಬಿದ್ದಲ್ಲಿ ಉಳಿಯುವ ಇಟ್ಟಿಗೆಚೂರಿನ ಗುಡ್ಡೆಯಂತೆ ಒಂದು ರಾಶಿ. ಮೂರು ವರ್ಷ ನಾಲ್ಕು ತಿಂಗಳ ಚರ್ಚೆಯನ್ನು ಹಂಡೆಯ ಆ ನಾಲ್ಕಾರು ಅಡಿ ಟೊಳ್ಳು ಮುಗಿಸಿತು.

ಮುಗಿಸಿತೆಂದೆ, ಆದರೆ ಪೂರ್ತಿ ಮುಗಿಯಲಿಲ್ಲ. ಇಂಧನ ಪುಡಿಯಾಗಿ ಬಿದ್ದಿದೆ, ಕರಗಿಲ್ಲ ಎಂದು ವಾದಿಸಲು ಇನ್ನೂ ಎಡೆಯಿತ್ತು. 1983ರಲ್ಲಿ ಶಬ್ದತರಂಗ ಹೊರಡಿಸುವ ಉಪಕರಣವನ್ನು ಅದೇ ದಾರಿಯಲ್ಲಿ ಇಳಿಸಿ, ಬಾವಲಿಯಂತೆ ಪ್ರತಿಧ್ವನಿಯಿಂದಲೇ ಟೊಳ್ಳಿನ ಆಕಾರವನ್ನು ಅಳೆದರು: ಒಂಬತ್ತು ಘನ ಮೀಟರಿಗೂ ಮಿಕ್ಕಿದ ಗವಿ, ಗರ್ಭದ ಸುಮಾರು ಕಾಲುಭಾಗ. 1984ರಲ್ಲಿ ಮುಚ್ಚಳ ತೆಗೆದರು. 1985ರ ಆರಂಭದಲ್ಲಿ ಹಂಡೆಯ ಗೋಡೆಯ ಪಕ್ಕದ ಸಂದಿಯಿಂದ ಕ್ಯಾಮರಾವನ್ನು ತಳದ ತನಕ ಇಳಿಸಿದರು. ಅಲ್ಲಿ ಏನೂ ಇರಬಾರದಾಗಿತ್ತು. ಇದ್ದದ್ದು ಹರಿದು ಬಂದು ಗಟ್ಟಿಯಾದ ಕಲ್ಲಿನ ರಾಶಿ, ಹತ್ತರಿಂದ ಇಪ್ಪತ್ತು ಟನ್ ಇರಬಹುದೆಂದು ಅಂದಾಜು. ಮರುವರ್ಷ ನೆಲದಲ್ಲಿ ಕೊಳವೆಬಾವಿ ಕೊರೆಯುವಂತೆ ಗರ್ಭವನ್ನೇ ಕೊರೆದು ಮಾದರಿಗಳನ್ನು ತೆಗೆದರು. ಕರಗಿದ್ದು ಅಲ್ಪಸ್ವಲ್ಪವಲ್ಲ, ಗರ್ಭದ ಹೆಚ್ಚು ಕಡಿಮೆ ಅರ್ಧ, ಸುಮಾರು 62 ಟನ್. ಅದರಲ್ಲಿ 19 ಟನ್‌ನಷ್ಟು, ಅಪಘಾತ ಆರಂಭವಾಗಿ 224 ನಿಮಿಷಗಳಾದಾಗ, ಕುದಿಯುವ ಬೆಲ್ಲದ ಪಾಕದಂತೆ ತಳಕ್ಕೆ ಸುರಿದಿತ್ತು. ಅಧ್ಯಕ್ಷರು ಬಂದು ನಿಂತ ದಿನ, ಜನ ಮನೆ ಬಿಟ್ಟು ಹೋಗುತ್ತಿದ್ದ ದಿನ, ಅದೆಲ್ಲ ನಡೆದು ತಣ್ಣಗಾಗಿಯೇ ಇತ್ತು. ತಿಳಿಯುವುದಕ್ಕೆ ಮಾತ್ರ ಏಳು ವರ್ಷ ಹಿಡಿಯಿತು.

ಇನ್ನು ಎತ್ತುವ ಕೆಲಸ. 1985ರ ಅಕ್ಟೋಬರಿನಿಂದ 1990ರ ಆರಂಭದವರೆಗೆ ನಡೆದ ಆ ಕೆಲಸದ ವಿವರಗಳನ್ನು ಓದುವಾಗ ನನಗೆ ಪಾತಾಳಗರಡಿ ನೆನಪಿಗೆ ಬಂದದ್ದು. ಹಂಡೆಯ ಬಾಯಿಯ ಮೇಲೆ ಸುತ್ತಲೂ ತಿರುಗಿಸಬಹುದಾದ ಅಟ್ಟವೊಂದನ್ನು ಕಟ್ಟಿ, ಅದರಲ್ಲೊಂದು ಸೀಳು ಬಿಟ್ಟರು. ಮನುಷ್ಯರು ಅಟ್ಟದ ಮೇಲೆ ನಿಂತು, ಹನ್ನೆರಡು ಮೀಟರಿನಷ್ಟು ಉದ್ದದ ಇಕ್ಕಳ, ಸೌಟು, ಕೊಕ್ಕೆಗಳನ್ನು ಆ ಸೀಳಿನಿಂದ ಇಳಿಸಿ, ನೀರಿನೊಳಗಿನ ಕ್ಯಾಮರಾ ಕಳಿಸುವ ಚಿತ್ರವನ್ನು ನೋಡುತ್ತ ಚೂರುಗಳನ್ನು ಡಬ್ಬಿಗಳಿಗೆ ತುಂಬಿದರು. ಯಂತ್ರವನ್ನೇ ಬಿಟ್ಟು ಮಾಡಿಸಬಹುದಾಗಿದ್ದುದನ್ನು ಬಹುಮಟ್ಟಿಗೆ ಕೈಯಿಂದಲೇ ಮಾಡಿದರು. ಕಣ್ಣು ಮಾತ್ರ ಯಂತ್ರದ್ದು. 1986ರಲ್ಲಿ ಆ ಕಣ್ಣೂ ಕುರುಡಾಯಿತು. ನೀರು ಕದಡಿ ಕೆಲವು ಅಂಗುಲಗಳಾಚೆ ಏನೂ ಕಾಣದಾಯಿತು. ಕಾರಣ ಹುಡುಕಿದರೆ, ಸೂಕ್ಷ್ಮಜೀವಿಗಳು! ಮನುಷ್ಯ ಹೆಜ್ಜೆಯಿಡಲಾರದ ಆ ನೀರಿನಲ್ಲಿ ಅವು ಹಳ್ಳಿಯ ಕೆರೆಯ ಪಾಚಿಯಂತೆ ನೆಮ್ಮದಿಯಾಗಿ ಸಂಸಾರ ಹೂಡಿದ್ದುವು. ಉಪಕರಣಗಳಿಂದ ಸೋರಿದ ಎಣ್ಣೆ ಅವಕ್ಕೆ ಆಹಾರ. ಹೈಡ್ರೊಜನ್ ಪೆರಾಕ್ಸೈಡು ಹಾಕಿ ಕೊಂದು, ಸೋಸಿ, ನೀರು ತಿಳಿಯಾಗುವವರೆಗೆ ಕಾಯಬೇಕಾಯಿತು. ಹಿರಿಯರು ಬಾವಿಕಟ್ಟೆಯ ಮೇಲೆ ಕುಳಿತು ಮಾಡುತ್ತಿದ್ದುದೂ ಅದೇ.

ತಳ ಬರಿದಾದ ಮೇಲೆ ಬೇರೊಂದು ಸಂಶಯ ಎದ್ದಿತು. ಹತ್ತೊಂಬತ್ತು ಟನ್ ಲಾವಾ ಬಿದ್ದರೂ ಹಂಡೆಯ ತಳ ತೂತಾಗಲಿಲ್ಲವೇಕೆ? ಅಲ್ಲಿ ಉಕ್ಕಿನ ದಪ್ಪ ಸುಮಾರು 13 ಸೆಂಟಿಮೀಟರು ಮಾತ್ರ. 1989ರಲ್ಲಿ ಕ್ಯಾಮರಾ ತಳದ ಒಳಮೈಯಲ್ಲಿ ಬಿರುಕುಗಳನ್ನು ತೋರಿಸಿತು. ಮರುವರ್ಷ ನೀರಿನಡಿಯಲ್ಲೇ ಕತ್ತರಿಸಿ, ದೋಣಿಯಾಕಾರದ ಹದಿನೈದು ಉಕ್ಕಿನ ತುಂಡುಗಳನ್ನು ಎತ್ತಿದರು. ಅನೇಕ ದೇಶಗಳ ಪ್ರಯೋಗಶಾಲೆಗಳು ಅವನ್ನು ಪರೀಕ್ಷಿಸಿದುವು. ಒಂದು ಮೀಟರು ಅಗಲದ ಒಂದು ಕಡೆ ಉಕ್ಕು 1100 ಡಿಗ್ರಿಯಷ್ಟು ಕಾದು, ಅರ್ಧಗಂಟೆ ಹಾಗೇ ಇದ್ದು, ಆಮೇಲೆ ಯಾರ ಲೆಕ್ಕಕ್ಕೂ ಸಿಗದಷ್ಟು ಬೇಗ ತಣಿದಿತ್ತು. ತಳದಲ್ಲಿ ನೀರು ನಿಂತಿದ್ದುದು ಹಂಡೆಯನ್ನು ಉಳಿಸಿತು. ಲೆಕ್ಕ ಈ ಸಲವೂ ತಪ್ಪಿತ್ತು, ಆದರೆ ನಮ್ಮ ಭಾಗ್ಯಕ್ಕೆ ಒಳ್ಳೆಯ ಕಡೆಗೆ.

ಕೆಟ್ಟ ಹಂಡೆಗಳನ್ನಷ್ಟೇ ನೋಡುವುದೆಂದಲ್ಲ. ಆರೋಗ್ಯವಾಗಿರುವ ಹಂಡೆಗಳನ್ನೂ ಕಾಲಕಾಲಕ್ಕೆ ನೋಡಬೇಕೆಂಬ ನಿಯಮಾವಳಿ ಅಮೆರಿಕದಲ್ಲಿ 1970ರಲ್ಲೇ ಹೊರಟಿತು. ಹತ್ತು ವರ್ಷಕ್ಕೊಂದು ಸಲ ಬೆಸುಗೆಗಳ ತಪಾಸಣೆ. ಇಂಧನವನ್ನು ಹೊರಗೆ ತೆಗೆದು, ಹಂಡೆಯಲ್ಲಿ ನೀರು ತುಂಬಿ, ಯಂತ್ರವನ್ನು ಇಳಿಸುತ್ತಾರೆ. ಅದು ನಮ್ಮ ಕಿವಿಗೆ ಕೇಳದ ಶಬ್ದತರಂಗವನ್ನು ಉಕ್ಕಿನೊಳಕ್ಕೆ ಕಳಿಸಿ ಪ್ರತಿಧ್ವನಿಯನ್ನು ಆಲಿಸುತ್ತದೆ; ಸಂತೆಯಲ್ಲಿ ಮಡಕೆಯನ್ನು ಬೆರಳಿಂದ ತಟ್ಟಿ ಕಿವಿಗೊಡುವ ಹೆಂಗಸಿನ ವಿದ್ಯೆಯೇ. ನಮ್ಮ ಕೈಗಾದ ರಿಯಾಕ್ಟರುಗಳಲ್ಲಿ ಇಂಥ ಒಂದೇ ದೊಡ್ಡ ಹಂಡೆಯಿಲ್ಲ, ಒಂದೊಂದರಲ್ಲೂ ಅಡ್ಡಲಾಗಿ ಮಲಗಿದ 306 ಕೊಳವೆಗಳು. ತಟ್ಟಿ ನೋಡುವ ಕೆಲಸ ಅಲ್ಲಿಯೂ ತಪ್ಪದು. ಬೆಲ್ಜಿಯಮ್ ದೇಶದ ಡೂಲ್ ಎಂಬಲ್ಲಿ ಮೂರನೆಯ ರಿಯಾಕ್ಟರು 1982ರಿಂದ ಯಾವ ದೂರೂ ಇಲ್ಲದೆ ನಡೆಯುತ್ತಿತ್ತು. 2012ರಲ್ಲಿ ಬೆಸುಗೆಗಳನ್ನಷ್ಟೇ ಅಲ್ಲದೆ ಇಂಧನದ ಎದುರಿನ ಗೋಡೆಯನ್ನೆಲ್ಲ ಪರೀಕ್ಷಿಸಿದಾಗ ಉಕ್ಕಿನ ಒಳಗೆ ಎಂಟು ಸಾವಿರದಷ್ಟು ಸಣ್ಣ ಸೀಳುಗಳು ಪತ್ತೆಯಾದುವು. 2014ರಲ್ಲಿ ಇನ್ನೂ ಸೂಕ್ಷ್ಮವಾಗಿ ಆಲಿಸಿದಾಗ ಹದಿಮೂರು ಸಾವಿರ. ಇವು ಹೊಸತಾಗಿ ಹುಟ್ಟಿದವಲ್ಲ, ಉಕ್ಕನ್ನು ಎರಕ ಹೊಯ್ದು ಬಡಿದ ದಿನ ಹೈಡ್ರೊಜನ್ನಿನಿಂದ ಆದವು ಎಂಬುದು ತಜ್ಞರ ತೀರ್ಮಾನ. ಮೂವತ್ತು ವರ್ಷ ಅಲ್ಲಿಯೇ ಇದ್ದುವು. ಆ ಕಡೆಗೆ ಯಾರೂ ಕಿವಿಯಿಟ್ಟಿರಲಿಲ್ಲ. ನಿಲ್ಲಿಸಿ, ವಿಚಾರಿಸಿ, 2015ರಲ್ಲಿ ಮತ್ತೆ ನಡೆಸಿ, ಕೊನೆಗೆ 2022ರಲ್ಲಿ ಆ ರಿಯಾಕ್ಟರನ್ನು ಶಾಶ್ವತವಾಗಿ ಮುಚ್ಚಿದರು.

ತ್ರೀ ಮೈಲ್ ಐಲೆಂಡಿನಲ್ಲಿ ಹಂಡೆ ತಡೆದುಕೊಂಡಿತು. ಜಪಾನಿನ ಫುಕುಶಿಮಾದಲ್ಲಿ ತಡೆದುಕೊಳ್ಳಲಿಲ್ಲ. 2011ರ ಮಾರ್ಚ್ 11ರಂದು ಭೂಕಂಪ, ಅದರ ಹಿಂದೆಯೇ ಸಮುದ್ರದ ಏರುನೀರು. ವಿದ್ಯುತ್ತು ಹೋಗಿ ಮೂರು ರಿಯಾಕ್ಟರುಗಳ ಗರ್ಭಗಳು ಕರಗಿದುವು. ಇಲ್ಲಿ ನೋಡಬೇಕಾದದ್ದು ಹಂಡೆಯೊಳಗಷ್ಟೇ ಅಲ್ಲ, ಹಂಡೆಯ ಕೆಳಗೆ, ಅದನ್ನು ಸುತ್ತುವರಿದ ಇನ್ನೊಂದು ಉಕ್ಕಿನ ಕೋಶದ ತಳದಲ್ಲಿ. ಮೊದಲು ದೂರದಿಂದ ನೋಡುವ ಉಪಾಯವನ್ನೂ ಮಾಡಿದರು. ಆಕಾಶದಿಂದ ಸದಾ ಸುರಿಯುವ ಮ್ಯೂಆನ್ ಎಂಬ ಕಣಗಳು ಕಟ್ಟಡಗಳನ್ನು ತೂರಿ ಹೋಗುತ್ತವೆ. ಯುರೇನಿಯಮ್ಮಿನಂಥ ಭಾರವಾದ ವಸ್ತು ಅಡ್ಡ ಬಂದರೆ ನೆರಳು ಬೀಳುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ 1950ರ ದಶಕದಿಂದ ನಮ್ಮ ವಿಜ್ಞಾನಿಗಳು ಎಣಿಸುತ್ತ ಕುಳಿತಿದ್ದುದು ಈ ಕಣಗಳನ್ನೇ. 2015ರಲ್ಲಿ ಒಂದನೆಯ ರಿಯಾಕ್ಟರಿನ ಇಂಥ ನೆರಳುಚಿತ್ರ ತೆಗೆದಾಗ, ಇಂಧನವಿರಬೇಕಾದ ಸ್ಥಳದಲ್ಲಿ ನೆರಳೇ ಬೀಳಲಿಲ್ಲ. ಎಲ್ಲಿ ಹೋಯಿತೆಂಬುದನ್ನು ನೆರಳು ಹೇಳಲಾರದು; ಯಾರಾದರೂ ಹೋಗಿ ನೋಡಲೇಬೇಕು.

ಹೋದ ಯಂತ್ರಗಳಲ್ಲಿ ಹಿಂದಿರುಗದವೂ ಉಂಟು. 2015ರಲ್ಲಿ ಒಂದನೆಯ ರಿಯಾಕ್ಟರಿಗೆ ಹಾವಿನಂತೆ ಹೋದದ್ದು ಕೆಲವು ಗಂಟೆಗಳಲ್ಲೇ ಸಿಕ್ಕಿಕೊಂಡಿತು. 2017ರ ಫೆಬ್ರುವರಿಯಲ್ಲಿ ಎರಡನೆಯದಕ್ಕೆ ಚೇಳಿನಂತೆ ಹೋದದ್ದು ದಾರಿಯಲ್ಲೇ ನಿಂತಿತು. ವಿಕಿರಣಕ್ಕೆ ಮನುಷ್ಯನ ಮೇಲೆ ವಿಶೇಷ ಹಗೆಯೇನೂ ಇಲ್ಲ. ಅದು ಯಂತ್ರದ ಸೂಕ್ಷ್ಮ ವಿದ್ಯುತ್ ಮಂಡಲಗಳನ್ನೂ ಕೆಡಿಸುತ್ತದೆ, ಮಸೂರದ ಗಾಜನ್ನು ಕಂದಾಗಿಸುತ್ತದೆ, ಚಿತ್ರದ ಮೇಲೆ ಹಿಮದಂತೆ ಬಿಳಿಯ ಚುಕ್ಕೆಗಳನ್ನು ಸುರಿಸುತ್ತದೆ. ಮೂರನೆಯ ರಿಯಾಕ್ಟರಿನ ಕೋಶದಲ್ಲಿ ಸುಮಾರು ಆರು ಮೀಟರು ನೀರು ನಿಂತಿತ್ತು. ಅಲ್ಲಿಗೆ ಹೋಗುವ ದಾರಿ 14 ಸೆಂಟಿಮೀಟರು ಅಗಲದ ಒಂದು ಕೊಳವೆ. ತೊಷಿಬಾ ಕಂಪನಿಯವರು 13 ಸೆಂಟಿಮೀಟರು ದಪ್ಪ, 30 ಸೆಂಟಿಮೀಟರು ಉದ್ದ, ಎರಡು ಕಿಲೋ ತೂಕದ ಈಜುಗಾರನೊಂದನ್ನು ಮಾಡಿದರು. ಮನೆಯ ಸೌತೆಕಾಯಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಐದು ಪುಟ್ಟ ಪಂಖಗಳು, ಹಿಂದೆ ಮುಂದೆ ಕ್ಯಾಮರಾ, ದೀಪ, ಬಾಲಕ್ಕೊಂದು ತಂತಿ. ಒಟ್ಟು 200 ಸೀವರ್ಟ್ ವಿಕಿರಣ ತಡೆಯಬಲ್ಲದು. ಮನುಷ್ಯನಿಗೆ ಒಮ್ಮೆಗೇ ಐದು ಬಿದ್ದರೆ ಬದುಕುವುದು ಸಂಶಯ. ದುಂಡನೆಯ ಸಮುದ್ರದ ಮೀನೊಂದರ ಹೆಸರನ್ನು ಹಿಡಿದು ಅದನ್ನು ಪುಟ್ಟ ಮಂಬೋ ಎಂದು ಕರೆದರು. ಕಾರ್ಟರ್ ತಂಡ ಟೆನಿಸ್ ಅಂಗಳದಲ್ಲಿ ಮಾಡಿದಂತೆ, ಇದರ ಚಾಲಕರೂ ಯೊಕೊಸುಕದ ಒಂದು ಕೊಳದಲ್ಲಿ ಮೊದಲೇ ಅಭ್ಯಾಸ ಮಾಡಿದರು. ಆದರೆ ಈ ಸಲ ಯಾರೂ ಓಡಬೇಕಾಗಿರಲಿಲ್ಲ.

2017ರ ಜುಲೈ 19ರಂದು ಅದು ನೀರಿಗಿಳಿಯಿತು. ಮೊದಲ ದಿನ ದಾರಿ ನೋಡಿಕೊಂಡು ಬಂದಿತು. 21ರಂದು ಹಂಡೆಯ ಅಡಿಗೇ ಹೋಗಿ ತಲೆಯೆತ್ತಿ ನೋಡಿತು. ನಿಯಂತ್ರಕ ಸರಳುಗಳ ಗೂಡುಗಳ ಸುತ್ತ, ಮೇಣದ ಬತ್ತಿಯಿಂದ ಇಳಿದು ನಿಂತ ಮೇಣದಂತೆ, ಗಟ್ಟಿಯಾದ ವಸ್ತು ಜೋಲುಬಿದ್ದಿತ್ತು. ಮರುದಿನ ತಳಕ್ಕೆ ಇಳಿದಾಗ ಮುರಿದು ಬಿದ್ದ ಕಬ್ಬಿಣದ ಜಾಲರಿಗಳ ನಡುವೆ ಉಂಡೆಗಳೂ ಹರಳುಗಳೂ ರಾಶಿಯಾಗಿದ್ದುವು. ಕರಗಿದ ಇಂಧನವೆಂದು ತೋರುವ ವಸ್ತುವನ್ನು ಮೂರನೆಯ ರಿಯಾಕ್ಟರಿನಲ್ಲಿ ಕಂಡದ್ದು ಅದೇ ಮೊದಲು, ಆರು ವರ್ಷ ನಾಲ್ಕು ತಿಂಗಳ ಮೇಲೆ. ಆ ಚಿತ್ರಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಸುಕು ನೀರು, ತೇಲುವ ಧೂಳು, ದೀಪದ ಬೆಳಕಿನಲ್ಲಿ ಒಮ್ಮೆ ಕಂಡು ಮರೆಯಾಗುವ ಕಂದುಬಣ್ಣದ ಜೊಂಪೆ. ಗುರುತು ಹೇಳುವವರಿಲ್ಲದಿದ್ದರೆ ಯಾವುದೋ ಮುಳುಗಿದ ಹಡಗೆಂದೇ ತಿಳಿಯಬೇಕು.

ಒಂದನೆಯ ರಿಯಾಕ್ಟರಿನಲ್ಲಿ ಈಜುವ ಯಂತ್ರ ಹಂಡೆಯ ಕೆಳಗಿನ ಪೀಠದೊಳಕ್ಕೆ ಹೊಕ್ಕದ್ದು 2023ರ ಮಾರ್ಚಿನಲ್ಲಿ. ಹಂಡೆಯ ಭಾರವನ್ನೆಲ್ಲ ಹೊತ್ತ ದುಂಡನೆಯ ಕಾಂಕ್ರೀಟು ಗೋಡೆ ಅದು. ನೆಲದಿಂದ ಒಂದು ಮೀಟರು ಎತ್ತರದ ತನಕ ಒಳಗೋಡೆಯ ಕಾಂಕ್ರೀಟು ಹೋಗಿ, ಒಳಗಿನ ಕಬ್ಬಿಣದ ಸರಳುಗಳು ಮಾಂಸವಿಲ್ಲದ ಪಕ್ಕೆಲುಬುಗಳಂತೆ ನಿಂತಿದ್ದುವು. ಇನ್ನೊಂದು ಭೂಕಂಪವಾದರೆ ಪೀಠ ತಡೆದೀತೇ ಎಂದು ಜನ ಕೇಳಿದರು. ತಡೆಯುವುದೆಂದು ಕಂಪನಿ ಲೆಕ್ಕ ಹಾಕಿ ಹೇಳಿತು. ಆ ಉತ್ತರವನ್ನು ಓದಿದಾಗ ನನಗೆ 1979ರ ಲೆಕ್ಕಗಳು ನೆನಪಾದುವು. ಹಾಗೆ ನೆನಪಾದದ್ದು ಕಂಪನಿಗೆ ಅನ್ಯಾಯವೂ ಇರಬಹುದು.

ಮೂರು ರಿಯಾಕ್ಟರುಗಳಲ್ಲಿ ಕರಗಿ ಬಿದ್ದಿರುವ ವಸ್ತು ಸುಮಾರು 880 ಟನ್ ಎಂದು ಅಂದಾಜು. ಅದರಲ್ಲಿ ಮೊದಲ ಚೂರು ಹೊರಬಂದದ್ದು 2024ರ ನವೆಂಬರಿನಲ್ಲಿ, ಎರಡನೆಯ ರಿಯಾಕ್ಟರಿನಿಂದ. ಮೀನುಗಾರನ ಗಾಳದಂತೆ ಒಂದರೊಳಗಿಂದೊಂದು ಹೊರಚಾಚುವ ಉದ್ದನೆಯ ಕೊಳವೆಯ ತುದಿಗೆ ಸಣ್ಣ ಇಕ್ಕಳ ಕಟ್ಟಿ ಎತ್ತಿದರು. ತೂಕ 0.7 ಗ್ರಾಮ್. ಮೂರನೆಯ ರಿಯಾಕ್ಟರಿನಿಂದ, ಎಂದರೆ ಪುಟ್ಟ ಮಂಬೋ 2017ರಲ್ಲಿ ನೋಡಿ ಬಂದ ಆ ರಾಶಿಯನ್ನು, ದೊಡ್ಡ ಪ್ರಮಾಣದಲ್ಲಿ ಎತ್ತುವ ಕೆಲಸ 2037ಕ್ಕೆ ಮೊದಲು ಆರಂಭವಾಗುವಂತಿಲ್ಲವೆಂದು 2025ರ ಜುಲೈನಲ್ಲಿ ಪ್ರಕಟಣೆ ಹೊರಟಿತು.